ಬರೆಯದೆ ಬಿಟ್ಟ ವಾಕ್ಯ

1956ರಲ್ಲಿ ಕೊಳ್ಳೇಗಾಲ ಮೈಸೂರಿಗೆ ಸೇರಿತು, ಪಕ್ಕದ ತಾಳವಾಡಿ ಸೀಮೆ ಮದ್ರಾಸ್ ರಾಜ್ಯದಲ್ಲೇ ಉಳಿಯಿತು. ಆ ಸೀಮೆಯ ತಿಗನಾರೆ ಇವತ್ತು ಈರೋಡ್ ಜಿಲ್ಲೆಯ ಊರು. ಅಲ್ಲಿನ ಕನ್ನಡದ ಮನೆಯ ಮಗುವಿಗೆ ತಮಿಳೂ ಬೇಕು, ಇಂಗ್ಲಿಷೂ ಬೇಕು.

ತಮಿಳಿಗೆ ದಾಟುವುದು ಸಲೀಸು. ನಮ್ಮ 'ನಿನ್ನೆ ಬಂದ ಹುಡುಗ' ಅಲ್ಲಿ 'ನೇತ್ತು ವಂದ ಪೈಯನ್'. ವಿವರ ಮೊದಲು, ಹುಡುಗ ಆಮೇಲೆ. ಇಂಗ್ಲಿಷಿನಲ್ಲಿ ತಿರುಗುಮುರುಗು: 'ದ ಬಾಯ್ ಹೂ ಕೇಮ್ ಯೆಸ್ಟರ್‌ಡೇ'. ಹುಡುಗ ಮೊದಲು ಬಂದ, ನಡುವೆ 'ಹೂ' ಎಂಬ ಕೊಂಡಿ ಬಿತ್ತು, ವಿವರ ಹಿಂದೆ ಸರಿಯಿತು.

ಚೀನೀ ಭಾಷೆಯೂ ಈ ವಿಷಯದಲ್ಲಿ ನಮ್ಮ ದಾರಿಯದೇ. 1974ರಲ್ಲಿ ಜಾಕ್ವೆಲಿನ್ ಶಾಕ್ಟರ್ ಎಂಬ ವಿದ್ವಾಂಸೆ ಇಂಗ್ಲಿಷ್ ಕಲಿಯುವವರ ಪ್ರಬಂಧಗಳನ್ನು ತೂಗಿ ನೋಡಿದರು. ಇಂಥ ವಾಕ್ಯಗಳಲ್ಲಿ ಚೀನೀಯರ ತಪ್ಪು 9, ಪರ್ಷಿಯನ್ ಭಾಷಿಕರದು 43. ಹಾಗಾದರೆ ಚೀನೀಯರೇ ಚೆನ್ನಾಗಿ ಕಲಿತರೇ? ಒಟ್ಟು ಬಳಕೆ ಎಣಿಸಿದಾಗ ಗುಟ್ಟು ಬಯಲಾಯಿತು: ಪರ್ಷಿಯನ್ನರು 174 ಸಲ ಬರೆದಿದ್ದರು, ಚೀನೀಯರು 76 ಸಲ ಮಾತ್ರ. ಕಷ್ಟವೆನಿಸಿದ ಕಡೆ ಅವರು ಆ ವಾಕ್ಯದ ತಂಟೆಗೇ ಹೋಗಿರಲಿಲ್ಲ.

ನನ್ನನ್ನು ಕಾಡುವುದು ಇದೇ. ಕೆಂಪು ಮಸಿಗೆ ಬರೆದ ತಪ್ಪು ಕಾಣುತ್ತದೆ, ಹೆದರಿ ಬಿಟ್ಟದ್ದು ಕಾಣುವುದಿಲ್ಲ. 'ನಮ್ಮ ರಾಗಿ ಹೊಲಕ್ಕೆ ನುಗ್ಗಿದ ಆನೆ' ಎಂದು ಬರೆಯಬೇಕಿದ್ದ ಮಗು, ಒಂದು ಆನೆ ಬಂತು, ಅದು ಹೊಲಕ್ಕೆ ನುಗ್ಗಿತು ಎಂದು ತುಂಡು ಮಾಡಿ ಪೂರ್ತಿ ಅಂಕ ಪಡೆದುಬಿಡುತ್ತದೆ.

ಮೇಷ್ಟ್ರೇ, ಟೀಚರಮ್ಮನವರೇ, ಈ ವಾರ ಮಕ್ಕಳಿಂದ ಆ ಉದ್ದದ ವಾಕ್ಯವನ್ನೇ ಬರೆಸಿ. ತಪ್ಪಿದರೆ ತಿದ್ದಿ ಕೊಡಿ, ಅಂಕ ಮಾತ್ರ ಕಳೆಯಬೇಡಿ.