ಸೀಳಿದ ಕೋಲು ಹೇಳುವ ಲೆಕ್ಕ

‘ಲೆಕ್ಕ ಟ್ಯಾಲಿ ಆಗ್ತಿಲ್ಲ’ ಅಂತ ಅಂಗಡಿಯವರು ತಲೆ ಕೆರೆದುಕೊಳ್ಳುವುದನ್ನು ನೋಡಿದ್ದೀರಲ್ಲ, ಮಕ್ಕಳೇ? ಬೆಂಗಳೂರಿನ ಕಂಪನಿಯೊಂದರ ಲೆಕ್ಕದ ಸಾಫ್ಟ್‌ವೇರಿಗೂ ಟ್ಯಾಲಿ ಎಂದೇ ಹೆಸರು. ಈ ಇಂಗ್ಲಿಷ್ ಪದದ ಬೇರು ಲ್ಯಾಟಿನ್ನಿನ ‘ತಾಲಿಯಾ’. ಹಾಗೆಂದರೆ ಕಡ್ಡಿ, ಅಷ್ಟೇ!

ಲೆಕ್ಕಕ್ಕೂ ಕಡ್ಡಿಗೂ ಏನು ನಂಟು? 12ನೇ ಶತಮಾನದ ಇಂಗ್ಲೆಂಡಿಗೆ ಹೋಗೋಣ. ಅಲ್ಲಿ ಕಾಗದ ಇನ್ನೂ ಬಳಕೆಗೆ ಬಂದಿರಲಿಲ್ಲ. ಓದುಬರಹ ಬಲ್ಲವರೂ ಕಡಿಮೆ. ರಾಜನ ಬೊಕ್ಕಸಕ್ಕೆ ಹಣ ಕಟ್ಟಿದವರಿಗೆ ರಸೀದಿಯಾಗಿ ಸಿಗುತ್ತಿದ್ದದ್ದು ಒಂದು ಮರದ ಕೋಲು. ಸಾಮಾನ್ಯವಾಗಿ ಹೇಜಲ್ ಮರದ್ದು. ಕಟ್ಟಿದ ಮೊತ್ತವನ್ನು ಅದರ ಮೇಲೆ ಅಡ್ಡಡ್ಡ ಕೆತ್ತುತ್ತಿದ್ದರು. ಸಾವಿರ ಪೌಂಡಿಗೆ ಅಂಗೈ ದಪ್ಪದ ಕಚ್ಚು, ನೂರಕ್ಕೆ ಹೆಬ್ಬೆರಳಿನಷ್ಟು, ಇಪ್ಪತ್ತಕ್ಕೆ ಕಿರುಬೆರಳಿನಷ್ಟು, ಒಂದು ಪೌಂಡಿಗೆ ಬಾರ್ಲಿ ಕಾಳಿನಷ್ಟು. ಬಡಪಾಯಿ ಪೆನ್ನಿ ನಾಣ್ಯಕ್ಕೆ ಬರೀ ಒಂದು ಗೀರು!

ನಿಜವಾದ ಜಾಣತನ ಇರುವುದು ಇದರ ಮುಂದೆ. ಕೆತ್ತಿದ ಕೋಲನ್ನು ಉದ್ದಕ್ಕೆ ಸೀಳುತ್ತಿದ್ದರು. ಆಗ ಪ್ರತಿ ಕಚ್ಚೂ ಎರಡು ಹೋಳುಗಳಿಗೆ ಅರ್ಧರ್ಧ ಹಂಚಿಹೋಗುತ್ತದೆ. ಒಂದು ಹೋಳು ಹಣ ಕಟ್ಟಿದವರ ಬಳಿ, ಇನ್ನೊಂದು ಬೊಕ್ಕಸದಲ್ಲಿ. ಲೆಕ್ಕ ಒಪ್ಪಿಸುವ ದಿನ ಎರಡನ್ನೂ ಜೋಡಿಸಿ ತಾಳೆ ನೋಡುವುದು. ಯಾರಾದರೂ ಕದ್ದುಮುಚ್ಚಿ ಒಂದು ಕಚ್ಚು ಹೆಚ್ಚಿಗೆ ಕೆತ್ತಿದರೆ? ಇನ್ನೊಂದು ಹೋಳಿನಲ್ಲಿ ಅದು ಇರುವುದೇ ಇಲ್ಲವಲ್ಲ!

ಹಾಗಾದರೆ ಬೇರೆ ಕೋಲನ್ನೇ ತಂದು ಮೋಸ ಮಾಡಬಹುದೇ? ಇಲ್ಲಿ ಮರವೇ ಸಾಕ್ಷಿಗೆ ನಿಲ್ಲುತ್ತದೆ. ನೀರು ಸಾಗಿಸುವ ಸಣ್ಣ ನಾಳಗಳು ಮತ್ತು ನಾರುಗಳು ಮರದೊಳಗೆ ಉದ್ದುದ್ದಕ್ಕೆ ಬೆಳೆದಿರುತ್ತವೆ. ಕೊಂಬೆ ಬಾಗಿದ ಕಡೆ, ಟಿಸಿಲೊಡೆದ ಕಡೆ ಅವೂ ಬಳಸಿಕೊಂಡು ಹೋಗುತ್ತವೆ. ಸೀಳುವಾಗ ಬಿರುಕು ನಾರಿನ ಜಾಡನ್ನೇ ಹಿಡಿಯುತ್ತದೆ. ಹಾಗಾಗಿ ಒಂದು ಹೋಳಿನ ಉಬ್ಬುತಗ್ಗು ಅದರ ಜೊತೆಗಾರನಿಗೆ ಮಾತ್ರ ಸರಿಯಾಗಿ ಕೂಡುತ್ತದೆ.

ಈ ಪದ್ಧತಿ 1826ರವರೆಗೂ ನಡೆಯಿತು ಎಂದರೆ ನಂಬುತ್ತೀರಾ? ಆಮೇಲೆ ಉಳಿದ ಹಳೆಯ ಕೋಲುಗಳನ್ನು 1834ರ ಅಕ್ಟೋಬರ್ 16ರಂದು ಲಂಡನ್ನಿನ ಸಂಸತ್ ಭವನದ ಒಲೆಗಳಿಗೆ ಹಾಕಿ ಸುಟ್ಟರು. ಒಣ ಕಟ್ಟಿಗೆ, ಎರಡು ಗಾಡಿ ತುಂಬ! ಹೊಗೆಕೊಳವೆಗಳು ಮಿತಿಮೀರಿ ಕಾದು, ಸಂಜೆಗೆ ಭವನಕ್ಕೇ ಬೆಂಕಿ ಬಿತ್ತು. ಚಿತ್ರಗಳಲ್ಲಿ ನೀವು ನೋಡುವ, ಬಿಗ್ ಬೆನ್ ಗೋಪುರದ ಸಂಸತ್ ಭವನ ಆಮೇಲೆ ಕಟ್ಟಿದ್ದು.

ಮರದ ಸಾಕ್ಷಿಯನ್ನು ನೀವೇ ಪರೀಕ್ಷಿಸಬೇಕೇ? ಬೆರಳು ದಪ್ಪದ ಎರಡು ಕಡ್ಡಿ ಹುಡುಕಿ, ದೊಡ್ಡವರಿಂದ ಸೀಳಿಸಿ. ನಾಲ್ಕೂ ಹೋಳುಗಳನ್ನು ಬೆರೆಸಿ, ಕಣ್ಣು ಮುಚ್ಚಿಕೊಂಡು ಜೋಡಿಗಳನ್ನು ಪತ್ತೆ ಮಾಡಿ ನೋಡಿ.