ಪಾರಿವಾಳ ಕಲಿಸಿದ ಪಾಠ



ಇವತ್ತು ಪಾರಿವಾಳದ ವಿಚಾರ. “ದನ, ಕುರಿ, ಕೋಳಿ ಬಿಟ್ಟು ಈ ಪಾರಿವಾಳ ಯಾಕಪ್ಪಾ?” ಅಂತ ನೀವು ಕೇಳಬಹುದು. ಕೇಳತಕ್ಕ ಮಾತೇ. ಆದರೆ ಈ ಹಕ್ಕಿ ಕಲಿಸಿದ ಪಾಠ ನಿಮ್ಮ ಕುರಿಹಟ್ಟಿಗೂ ಸಲ್ಲುತ್ತದೆ, ಬೀಜದ ಗುಡಾಣಕ್ಕೂ ಸಲ್ಲುತ್ತದೆ. ಸ್ವಲ್ಪ ತಾಳ್ಮೆಯಿಂದ ಕೇಳಿ.

ಗುಡಿಗೋಪುರದಲ್ಲಿ, ಹಾಳುಬಾವಿಯಲ್ಲಿ ಗೂಡು ಮಾಡುವ ನೀಲಿ-ಬೂದಿ ಬಣ್ಣದ ಪಾರಿವಾಳ ನಿಮಗೆಲ್ಲ ಗೊತ್ತೇ ಇದೆ. ರೆಕ್ಕೆಯ ಮೇಲೆ ಎರಡು ಕರಿ ಪಟ್ಟೆ, ಬಾಲದ ತುದಿಗೆ ಒಂದು. ಮೂಲದಲ್ಲಿ ಇದು ಬಂಡೆಯ ಸಂದಿನಲ್ಲಿ ವಾಸಿಸುವ ಕಾಡು ಹಕ್ಕಿ. ಈಗ ಮನೆಗಳಲ್ಲಿ ಷೋಕಿಗೆ ಸಾಕುವ ತಳಿಗಳನ್ನು ನೋಡಿ. ಕಾಡು ಹಕ್ಕಿಯ ಬಾಲದಲ್ಲಿ 12 ಗರಿ ಇದ್ದರೆ, ಲಕ್ಕಾ ಪಾರಿವಾಳಕ್ಕೆ 30, 40 ಗರಿ. ಬಾಲ ಬಿಚ್ಚಿತೆಂದರೆ ಬೀಸಣಿಗೆಯೇ ಸರಿ. ಒಂದು ತಳಿ ಗಂಟಲನ್ನು ತಿದಿಯ ಹಾಗೆ ಉಬ್ಬಿಸುತ್ತದೆ. ಇನ್ನೊಂದು ಹಾರುತ್ತ ಹಾರುತ್ತಲೇ ಹಿಂದಕ್ಕೆ ಲಾಗ ಹಾಕುತ್ತದೆ. ಇವೆಲ್ಲ ಒಂದೇ ವಂಶದವು ಅಂದರೆ ನಂಬೋದು ಕಷ್ಟ. ಇಂಗ್ಲೆಂಡಿನಲ್ಲಿ ಪಾರಿವಾಳ ಸಾಕುತ್ತಿದ್ದವರೂ ನಂಬಿರಲಿಲ್ಲ. ಒಂದೊಂದು ತಳಿಗೂ ಒಂದೊಂದು ಬೇರೆ ಕಾಡು ಹಕ್ಕಿ ಮೂಲ ಎಂದೇ ಅವರ ಎಣಿಕೆ.

ಇದನ್ನು ಪರೀಕ್ಷೆ ಮಾಡಿ ನೋಡಿದವರು ಚಾರ್ಲ್ಸ್ ಡಾರ್ವಿನ್ ಎಂಬ ವಿಜ್ಞಾನಿ. ಕೆಂಟ್ ಪ್ರಾಂತದ ಡೌನ್ ಎಂಬ ಹಳ್ಳಿಯ ತಮ್ಮ ಮನೆಯಲ್ಲಿ 1855ರಲ್ಲಿ ಅವರು ಪಾರಿವಾಳ ಸಾಕಲು ತೊಡಗಿದರು. ಸಿಕ್ಕಿದ ತಳಿಯನ್ನೆಲ್ಲ ತಂದರು. ಲಂಡನ್ನಿನ ಎರಡು ಪಾರಿವಾಳ ಸಂಘಗಳಿಗೆ ಸೇರಿ, ಸಾಕುವವರ ನಡುವೆ ಕೂತು ಅವರ ಅನುಭವ ಕೇಳಿದರು. ಪಾರಿವಾಳವನ್ನೇ ಆರಿಸಿದ್ದಕ್ಕೂ ಕಾರಣವಿದೆ. ಈ ಹಕ್ಕಿ ಜೋಡಿ ಕಟ್ಟಿತೆಂದರೆ ಸಾಮಾನ್ಯವಾಗಿ ಜೋಡಿ ಬಿಡದು. ಹಾಗಾಗಿ ಹಲವು ತಳಿಗಳನ್ನು ಒಂದೇ ಗೂಡಿನಲ್ಲಿಟ್ಟರೂ ಬೆರಕೆಯಾಗದಂತೆ ನೋಡಿಕೊಳ್ಳಬಹುದು. ಮರಿಗಳೂ ಬೇಗ ಬೇಗ ಆಗುತ್ತವೆ.

ಪರದೇಶಗಳಿಂದಲೂ ಅವರು ಪಾರಿವಾಳದ ಚರ್ಮ ತರಿಸಿಕೊಂಡರು. ಭಾರತದಿಂದ ಕಳಿಸಿಕೊಟ್ಟವರು ಮದರಾಸಿನ ಅಧಿಕಾರಿ ವಾಲ್ಟರ್ ಎಲಿಯಟ್. ಇವರು ನಮ್ಮ ಕಡೆಗೆ ಹೊಸಬರೇನಲ್ಲ. 1824ರಲ್ಲಿ ಕಿತ್ತೂರು ರಾಣಿ ಚೆನ್ನಮ್ಮನ ಕಡೆಯವರಿಗೆ ಸೆರೆ ಸಿಕ್ಕಿ ಬಿಡುಗಡೆಯಾದವರು. ಧಾರವಾಡ ಸೀಮೆಯಲ್ಲಿದ್ದು ಕನ್ನಡ ಶಾಸನಗಳ ಪ್ರತಿ ಕೂಡಿಸಿದವರು. 1859ರಲ್ಲಿ ಪ್ರಕಟವಾದ ತಮ್ಮ ಹೆಸರಾಂತ ಗ್ರಂಥದಲ್ಲಿ ಡಾರ್ವಿನ್ ಇವರ ಉಪಕಾರವನ್ನು ನೆನೆದಿದ್ದಾರೆ.

ಇನ್ನು ಪರೀಕ್ಷೆಯ ಮಾತು. ಡಾರ್ವಿನ್ ಅಚ್ಚ ಬಿಳಿಯ ಲಕ್ಕಾವನ್ನು, ಬಾರ್ಬ್ ಎಂಬ ತಳಿಯ ಅಚ್ಚ ಕರಿ ಹಕ್ಕಿಯ ಜೊತೆ ಕೂಡಿಸಿದರು. ಮರಿಗಳು ಕಂದು, ಕಪ್ಪು ಮಚ್ಚೆಯವಾದವು. ಆ ಮರಿಗಳನ್ನು ಮತ್ತೆ ತಮ್ಮ ತಮ್ಮಲ್ಲೇ ಕೂಡಿಸಿದಾಗ, ಮೊಮ್ಮಕ್ಕಳಲ್ಲಿ ಒಂದು ಹೇಗೆ ಹುಟ್ಟಿತು ಗೊತ್ತೇ? ಅಪ್ಪಟ ನೀಲಿ ಬಣ್ಣ, ರೆಕ್ಕೆಗೆ ಎರಡು ಕರಿ ಪಟ್ಟೆ, ಬಾಲಕ್ಕೂ ಪಟ್ಟೆ. ಥೇಟು ಬಂಡೆಯ ಕಾಡು ಪಾರಿವಾಳ! ಅಜ್ಜ-ಅಜ್ಜಿಯರಲ್ಲಿ ಒಂದು ಬಿಳಿ, ಇನ್ನೊಂದು ಕರಿ. ನೀಲಿ ಎಲ್ಲಿಂದ ಬಂತು? ಇಬ್ಬರಿಗೂ ಮೂಲಪುರುಷ ಒಬ್ಬನೇ ಆಗಿದ್ದರೆ ಮಾತ್ರ ಇದಕ್ಕೆ ಅರ್ಥವುಂಟು. 2013ರಲ್ಲಿ ವಿಜ್ಞಾನಿಗಳು ಸುಮಾರು 40 ಪಾರಿವಾಳಗಳ ವಂಶವಾಹಿಗಳನ್ನು ಓದಿ ನೋಡಿದಾಗಲೂ ಸಾಕು ತಳಿಗಳ ಮೂಲ ಆ ಬಂಡೆಯ ಹಕ್ಕಿಯೇ ಎಂಬುದು ಗಟ್ಟಿಯಾಯಿತು.

ಹಾಗಾದರೆ ಇಷ್ಟೊಂದು ಬಗೆ ಹೇಗಾದವು? ಒಂದೇ ಗೂಡಿನ ಎರಡು ಮರಿ ಒಂದೇ ಸಮ ಇರೋದಿಲ್ಲ. ಒಂದಕ್ಕೆ ಬಾಲದಲ್ಲಿ ಒಂದು ಗರಿ ಹೆಚ್ಚು. ಸಾಕುವವನು ಅದನ್ನೇ ಮರಿಗೆ ಉಳಿಸಿದ. ಅದರ ಮರಿಗಳಲ್ಲೂ ಹೆಚ್ಚು ಗರಿಯದನ್ನೇ ಉಳಿಸಿದ. ಹನಿ ಹನಿಗೂಡಿದರೆ ಹಳ್ಳ. ನೂರಾರು ವರ್ಷದಲ್ಲಿ ಲಕ್ಕಾ ಆಯಿತು. ಪ್ರಕೃತಿಯಲ್ಲಿ ಆರಿಸುವವನು ಯಾರೂ ಇಲ್ಲ. ಆದರೆ ಗಿಡುಗ, ರೋಗ, ಬರ ಇವೆಯಲ್ಲ! ತಾಳಿಕೊಂಡದ್ದು ಉಳಿದು ಮರಿ ಮಾಡುತ್ತದೆ, ತಾಳದ್ದು ಅಳಿಯುತ್ತದೆ. ಲಕ್ಷಾಂತರ ವರ್ಷ ಹೀಗೇ ನಡೆದು ಹೊಸ ಹೊಸ ಜೀವಜಾತಿಗಳು ಮೂಡಿದವು. ಇದಕ್ಕೇ ವಿಕಾಸ ಎನ್ನುತ್ತಾರೆ. ನಿಮ್ಮ ಹೊಲದಲ್ಲೂ ಇದು ನಡೆಯುತ್ತದೆ. ಒಂದೇ ಔಷಧಿಯನ್ನು ಮತ್ತೆ ಮತ್ತೆ ಹೊಡೆದರೆ, ಅದನ್ನು ತಡೆದುಕೊಂಡ ಹುಳುವೇ ಉಳಿದು ಸಂತಾನ ಬೆಳೆಸುತ್ತದೆ. ಆಮೇಲೆ ಆ ಔಷಧಿ ನಾಟೋದಿಲ್ಲ.

ಈಗ ನಿಮ್ಮ ಕುರಿಹಟ್ಟಿಗೆ ಬನ್ನಿ. ಮಂದೆಯಲ್ಲಿ ಬೇಗ ಬೆಳೆದ, ಮೈತುಂಬಿದ ಟಗರುಮರಿಗೆ ಸಂತೆಯಲ್ಲಿ ಒಳ್ಳೆ ಬೆಲೆ. ಮೊದಲು ಮಾರೋದು ಅದನ್ನೇ ಅಲ್ಲವೇ? ಮಾರಾಟವಾಗದೆ ಉಳಿದ ಸೊಣಕಲು ಟಗರೇ ಮಂದೆಗೆ ತಂದೆಯಾಗುತ್ತದೆ. ಇದೂ ಒಂದು ಆಯ್ಕೆಯೇ ಸ್ವಾಮಿ, ಆದರೆ ತಲೆಕೆಳಗಾದ ಆಯ್ಕೆ. ಪಾರಿವಾಳದವನು ಲಕ್ಕಾ ಮಾಡಿದ ದಾರಿಯಲ್ಲೇ ನಾವು ವರ್ಷ ವರ್ಷ ಬಡಕಲು ಮಂದೆ ಮಾಡಿಕೊಳ್ಳುತ್ತೇವೆ. ಆದ್ದರಿಂದ ಒಳ್ಳೆಯ ತಾಯಿಗೆ ಹುಟ್ಟಿದ, ಚೆನ್ನಾಗಿ ಬೆಳೆದ, ರೋಗ ತಡೆದ ಟಗರನ್ನು ಮಂದೆಗೆಂದೇ ಉಳಿಸಿ. ಎರಡು ವರ್ಷಕ್ಕೊಮ್ಮೆ ಟಗರು ಬದಲಾಯಿಸಿ. ತಂದೆ ಮಗಳನ್ನು ಕೂಡುವುದು ತಪ್ಪುತ್ತದೆ. ರಾಗಿಗೂ ಇದೇ ಮಾತು. ಕಣದಲ್ಲಿ ಮಿಕ್ಕ ಕಾಳನ್ನು ಬೀಜಕ್ಕೆ ಎತ್ತಿಡಬೇಡಿ. ಕೊಯ್ಲಿಗೆ ಮುಂಚೆ ಹೊಲ ಸುತ್ತಿ, ರೋಗವಿಲ್ಲದ ತುಂಬು ತೆನೆಗಳನ್ನು ಬೇರೆ ಕೊಯ್ದಿಡಿ.

ಇನ್ನೊಂದು ಎಚ್ಚರಿಕೆಯ ಮಾತು. ಗಿಡ್ಡ ಕೊಕ್ಕು ಚೆಂದ ಎಂದು ಇಂಗ್ಲೆಂಡಿನವರು ಒಂದು ತಳಿಯಲ್ಲಿ ಕೊಕ್ಕನ್ನೇ ಗಿಡ್ಡ ಮಾಡುತ್ತ ಬಂದರು. ಕೊನೆಗೆ ಮರಿಗೆ ಮೊಟ್ಟೆ ಒಡೆಯುವ ಶಕ್ತಿಯೇ ಹೋಯಿತು. ಎಷ್ಟೋ ಮರಿ ಮೊಟ್ಟೆಯೊಳಗೇ ಸತ್ತವು. ಸಾಕಿದವರೇ ಚಿಪ್ಪು ಬಿಡಿಸಬೇಕಾಯಿತು. ಆದಕಾರಣ ಕೊಂಬಿನ ಅಂದ, ಮೈಬಣ್ಣ ಆಮೇಲಿರಲಿ. ಹಾಲು, ಮೈಕಟ್ಟು, ತಾಳಿಕೆ, ಸುಲಭವಾಗಿ ಈಯುವ ಗುಣ, ಇವು ಮೊದಲು.

ಮುಂದಿನ ಸಂತೆಗೆ ಹಗ್ಗ ಹಿಡಿದು ಹೊರಡುವ ಮುಂಚೆ, ಮನೆಮಂದಿಯೆಲ್ಲ ಕೂತು ಮಾರುವುದು ಯಾವುದು, ಉಳಿಸುವುದು ಯಾವುದು ಎಂದು ತೀರ್ಮಾನ ಮಾಡಿ. ಉಳಿಸಿದ್ದೇ ನಾಳಿನ ಮಂದೆ.