ಕಡಲಿನ ಏತ, ನಮ್ಮೂರ ಮಳೆ
(ಬುಟಿಬೋರಿಯಲ್ಲಿ ರಾಜ್ಯೋತ್ಸವದ ಅಂಗವಾಗಿ ಮಾಡಿದ ಭಾಷಣ)



ಬುಟಿಬೋರಿಯಿಂದ ಯಾವ ದಿಕ್ಕಿಗೆ ಹೊರಟರೂ ಕಡಲು ನೂರಾರು ಮೈಲಿ ದೂರ. ಇಂತಹ ಊರಿನಲ್ಲಿ ನಿಂತು ಕಡಲಿನ ಮಾತೇಕೆ ಎಂದು ತಾವು ಕೇಳಬಹುದು. 2023ರ ಮಳೆಗಾಲವನ್ನು ನೆನೆಯಿರಿ. ಅದು ಎಲ್ ನೀನ್ಯೋ ವರ್ಷ. ಕಲಬುರಗಿ ಕಡೆಯ ನಮ್ಮ ಅಣ್ಣನವರು ಫೋನಿನಲ್ಲಿ, "ತಮ್ಮಾ, ಮಳಿ ಇಲ್ಲ, ತೊಗರಿ ಒಣಗಲಿಕತ್ತದ" ಎಂದು ಮರುಗುತ್ತಿದ್ದರು. ಕರ್ನಾಟಕ ಸರ್ಕಾರ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಿತು. ಅದೇ ವರ್ಷ ಸೆಪ್ಟೆಂಬರ್ 23ರ ಬೆಳಗಿನ ಜಾವ ನಾಗಪುರದಲ್ಲಿ ಕೆಲವೇ ಗಂಟೆಗಳಲ್ಲಿ 100 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿದು, ಅಂಬಾಝರಿ ಕೆರೆ ಕೋಡಿ ಹರಿದು, ಮನೆಮನೆಗೆ ನೀರು ನುಗ್ಗಿತು. ಆ ಒಂದು ದಿನದ ಮಳೆಗೆ ಕಡಲೊಂದೇ ಕಾರಣವೆನ್ನಲಾಗದು. ಆದರೂ ತವರಿನಲ್ಲಿ ಬರ, ಇಲ್ಲಿ ನೆರೆ ಎಂಬ ಈ ಒಗಟು ಬಿಡಿಸತಕ್ಕದ್ದೇ.

ಪೆಸಿಫಿಕ್ ಸಾಗರದ ಸಮಭಾಜಕ ವೃತ್ತದ ಸುತ್ತಿನ ನೀರು, ನಡುವಿನಲ್ಲೂ ಮೂಡಣದಲ್ಲೂ, ಕೆಲವು ವರ್ಷಗಳಿಗೊಮ್ಮೆ ವಾಡಿಕೆಗಿಂತ ಹೆಚ್ಚು ಕಾಯುತ್ತದೆ. ಇದೇ ಎಲ್ ನೀನ್ಯೋ. ಆಗ ನಮ್ಮ ಮುಂಗಾರು ಸೊರಗುವುದೇ ಹೆಚ್ಚು. ನಮ್ಮ ಹಿರಿಯರು ಹೇಳುತ್ತಿದ್ದ ಧಾತು-ಈಶ್ವರ ಬರದ ಕಾಲದಲ್ಲಿ, 1877ರಲ್ಲಿ, ಅದು ಪ್ರಬಲವಾಗಿತ್ತು. 1904ರಲ್ಲಿ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾದ ಗಿಲ್ಬರ್ಟ್ ವಾಕರ್, ಪೆಸಿಫಿಕ್ ಮತ್ತು ಹಿಂದೂ ಮಹಾಸಾಗರಗಳ ಮೇಲಿನ ಗಾಳಿಯೊತ್ತಡ ಏತದ ಎರಡು ತುದಿಗಳಂತೆ ಏರಿಳಿಯುವುದನ್ನು ಮುಂದೆ ತೋರಿಸಿಕೊಟ್ಟರು.

ಆದರೆ 1997ರಲ್ಲಿ ಎಲ್ ನೀನ್ಯೋ ಅತಿ ಪ್ರಬಲವಾಗಿದ್ದರೂ ಮುಂಗಾರು ಕೈಕೊಡಲಿಲ್ಲ. ಹಿಂದೂ ಮಹಾಸಾಗರಕ್ಕೂ ತನ್ನದೇ ಆದ ಏತವುಂಟೆಂದು 1999ರಲ್ಲಿ ಸಾಜಿ, ಗೋಸ್ವಾಮಿ, ವಿನಯಚಂದ್ರನ್, ಯಮಗಾಟ ಎಂಬ ವಿದ್ವಾಂಸರು ಪ್ರಕಟಿಸಿದರು. ಆಫ್ರಿಕದ ಕಡೆ ನೀರು ಕಾದು ಸುಮಾತ್ರದ ಕಡೆ ತಣಿದರೆ ನಮ್ಮ ಮಳೆಗೆ ಸಾಮಾನ್ಯವಾಗಿ ಬಲ ಬರುವುದುಂಟು.

ಹಾಗಾದರೆ ಭೂಮಿ ಬಿಸಿಯಾದಂತೆ ಈ ಏತಗಳ ಗತಿಯೇನು? ಇಂದಿನ ಸಂಶೋಧನೆಯ ದೊಡ್ಡ ಪ್ರಶ್ನೆ ಇದು. ಪೆಸಿಫಿಕ್ ನೀರಿನ ಬಿಸಿಯ ಏರಿಳಿತ ಹೆಚ್ಚುವುದೋ ತಗ್ಗುವುದೋ ಎಂಬಲ್ಲಿ ಕಂಪ್ಯೂಟರ್ ಲೆಕ್ಕಗಳು ಒಮ್ಮತಕ್ಕೆ ಬಂದಿಲ್ಲವೆಂದು 2021ರ ಐ.ಪಿ.ಸಿ.ಸಿ. ವರದಿ ಹೇಳುತ್ತದೆ. ಆದರೆ ಅದರಿಂದಾಗುವ ಮಳೆಯ ಏರುಪೇರು ಹೆಚ್ಚುವುದೆಂದು ಅದೇ ವರದಿಯ ಮತ. ಏಕೆಂದರೆ ಗಾಳಿ ಒಂದು ಡಿಗ್ರಿ ಕಾದರೆ ಸುಮಾರು ನೂರಕ್ಕೆ ಏಳರಷ್ಟು ಹೆಚ್ಚು ನೀರಾವಿಯನ್ನು ಹಿಡಿಯಬಲ್ಲದು. ಏತ ಮೊದಲಿನಷ್ಟೇ ಬಾಗಿದರೂ ಸುರಿಯುವ ನೀರು ಹೆಚ್ಚು.

ನಾವು ನೆಲಸಿರುವ ಈ ಮಧ್ಯಭಾರತದ ಲೆಕ್ಕವನ್ನು ನಮ್ಮ ಬೆಂಗಳೂರೇ ಕೊಟ್ಟಿದೆಯೆಂಬುದು ಹೆಮ್ಮೆಯ ಸಂಗತಿ. ಭಾರತೀಯ ವಿಜ್ಞಾನ ಸಂಸ್ಥೆಯ ಗೋಸ್ವಾಮಿ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಪ್ರಬಂಧದಂತೆ, 1951ರಿಂದ 2000ದವರೆಗೆ ಇಲ್ಲಿ ಜಡಿಮಳೆಗಳು ಹೆಚ್ಚಿವೆ, ಹದಮಳೆಗಳು ಕಡಿಮೆಯಾಗಿವೆ. ಆದರೆ ಮಳೆಗಾಲದ ಸರಾಸರಿ ಹೆಚ್ಚೇನೂ ಬದಲಾಗಿಲ್ಲ. ಸರಾಸರಿ ಸರಿಯಿದ್ದರೂ ಬೆಳೆ ಒಣಗಬಹುದು, ಮನೆ ಮುಳುಗಬಹುದು!

ಆದುದರಿಂದ ಬಂಧುಗಳಲ್ಲಿ ನನ್ನ ಬಿನ್ನಹ ಇಷ್ಟೇ. "ಎಲ್ ನೀನ್ಯೋ ಬಂತು, ಬಿತ್ತಬೇಡಿ" ಎಂಬ ಗಾಳಿಮಾತನ್ನು ಊರಿಗೆ ಮುಟ್ಟಿಸದಿರೋಣ. ಜಿಲ್ಲೆಯ ವಾರವಾರದ ಮುನ್ಸೂಚನೆಯನ್ನು ಕೇಳಿ ಬಿತ್ತುವಂತೆ ಹೇಳೋಣ. ಇಲ್ಲಿ ನಿವೇಶನ ಕೊಳ್ಳುವಾಗ ಹಳೆಯ ನಾಲೆ ಎತ್ತ ಹರಿಯುತ್ತಿತ್ತೆಂದು ಊರ ಹಿರಿಯರನ್ನು ವಿಚಾರಿಸೋಣ. ಕಡಲನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಅದರ ಸುದ್ದಿಯನ್ನು ಸರಿಯಾಗಿ ಓದುವುದು ನಮ್ಮ ಕೈಯಲ್ಲಿದೆ.